ಗಾದೆ ಬಾಯಿ ಮುಚ್ಚಿಸದಿರಲಿ, ಮನಸ್ಸು ಬಿಚ್ಚಿಸಲಿ

ಮಳೆಗಾಲದ ಒಂದು ಮಧ್ಯಾಹ್ನ. ಮೂಡಿಗೆರೆಯಲ್ಲಿ ನಾನು ಆಪ್ತ ಸಲಹೆಗೆ ಕೂರಲು ಶುರು ಮಾಡಿದ ಮೊದಲ ವರ್ಷ. ಕಳಸದ ಕಡೆಯ ಹಳ್ಳಿಯೊಂದರಿಂದ ಒಬ್ಬ ಗೃಹಿಣಿ ಬಂದಿದ್ದರು. ಊರಿಂದ ಒಂದು ಬಸ್ಸು, ಕೊಟ್ಟಿಗೆಹಾರದಲ್ಲಿ ಇಳಿದು ಇನ್ನೊಂದು ಬಸ್ಸು. ಸೀರೆಯ ನೆರಿಗೆ ಮೊಣಕಾಲಿನವರೆಗೆ ನೆನೆದಿತ್ತು. ಗಂಡನ ಕುಡಿತ, ಅತ್ತೆಯ ಚುಚ್ಚುಮಾತು, ತವರಿನವರ ಉದಾಸೀನ... ಅರ್ಧ ಗಂಟೆ ಒಂದೇ ಸಮನೆ ಹೇಳಿಕೊಂಡರು. ಕೋರ್ಸ್ ಮುಗಿಸಿ ಆರು ತಿಂಗಳೂ ಆಗಿರದ ನಾನು, ಏನಾದರೂ ಹೇಳಲೇಬೇಕಲ್ಲ ಎಂಬ ಆತುರದಲ್ಲಿ ಹೇಳಿಬಿಟ್ಟೆ: 'ನೋಡಿ, ತಾಳಿದವನು ಬಾಳಿಯಾನು ಅಂತಾರೆ. ಇನ್ನು ಸ್ವಲ್ಪ ದಿನ ತಾಳ್ಮೆ ತಗೊಳ್ಳಿ.'

ಆಕೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಮೂಲೆಯಲ್ಲಿ ನೀರು ಸೋರುತ್ತಿದ್ದ ಕೊಡೆಯನ್ನು ಕೈಗೆತ್ತಿಕೊಂಡರು.

'ಈ ಮಾತನ್ನ ನಮ್ಮತ್ತೇನೂ ಹೇಳ್ತಾರೆ ಮೇಡಂ. ಇದನ್ನ ಕೇಳೋಕೆ ಎರಡು ಬಸ್ಸು ಹತ್ತಿ ಬರಬೇಕಿತ್ತಾ?'

ಹೋದವರು ಮತ್ತೆ ಬರಲಿಲ್ಲ. ಆಕೆಗೆ ಮುಂದೇನಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಪ್ರಶ್ನೆ ಮಾತ್ರ ನನ್ನ ಎದುರಿನ ಕುರ್ಚಿಯಲ್ಲಿ ಕೂತೇ ಇದೆ.

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತೀವಿ. ನಿಜ, ನಮ್ಮ ಗಾದೆಗಳಲ್ಲಿ ಮನಸ್ಸಿನ ಬಗ್ಗೆ ಇರುವ ತಿಳಿವಳಿಕೆ ಸಣ್ಣದಲ್ಲ. ಪಶ್ಚಿಮದ ಮನಶ್ಶಾಸ್ತ್ರಜ್ಞರು ದಪ್ಪ ದಪ್ಪ ಪುಸ್ತಕಗಳಲ್ಲಿ ವಿವರಿಸಿದ ಎಷ್ಟೋ ಸಂಗತಿಗಳನ್ನು ನಮ್ಮ ಅಜ್ಜಿಯರು ಒಲೆಯ ಮುಂದೆ ಕೂತು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಹಾಗಿದ್ದರೆ ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಇಷ್ಟು ವರ್ಷಗಳಲ್ಲಿ ನನಗೆ ಅರ್ಥವಾಗಿದ್ದು ಇದು: ಗಾದೆ ಸುಳ್ಳಲ್ಲದಿರಬಹುದು, ಆದರೆ ಅದನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ ಎಂಬುದರ ಮೇಲೆ ಅದು ಮದ್ದೂ ಆಗುತ್ತದೆ, ಗಾಯವೂ ಆಗುತ್ತದೆ. ನಮ್ಮ ಕಾಫಿ ಸೀಮೆಯ ಮನೆಗಳಲ್ಲಿ ದಿನಾ ಕೇಳುವ ಕೆಲವು ಗಾದೆಗಳನ್ನೇ ತೆಗೆದುಕೊಂಡು ನೋಡೋಣ. (ಇಲ್ಲಿ ಬರುವವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕೊತ್ತಿಯ ತಪ್ಪೇನು?

'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.' ಇದನ್ನು ಕೇಳದವರು ಯಾರಿದ್ದೀರಿ? ಅತ್ತೆಗೆ ಎದುರಾಡಲಾಗದ ಸೊಸೆ, ಅಡುಗೆಮನೆಗೆ ಬಂದ ಬೆಕ್ಕಿಗೆ ಸೌಟಿನಿಂದ ಬಾರಿಸುತ್ತಾಳೆ. ಸಿಗ್ಮಂಡ್ ಫ್ರಾಯ್ಡ್ ಮತ್ತು ಅವರ ಮಗಳು ಆನಾ ಫ್ರಾಯ್ಡ್ ಇದನ್ನೇ 'ಡಿಸ್‌ಪ್ಲೇಸ್‌ಮೆಂಟ್' ಅಂದರು. ಅಂದರೆ ಸಿಟ್ಟು ತನ್ನ ನಿಜವಾದ ವಿಳಾಸ ಬಿಟ್ಟು, ತಿರುಗಿ ಹೊಡೆಯಲಾರದ ಬಡಪಾಯಿಯ ಮನೆಗೆ ಹೋಗುವುದು. ಇಂಥ ರಕ್ಷಣಾ ತಂತ್ರಗಳನ್ನು ಆನಾ ಫ್ರಾಯ್ಡ್ 1936ರಲ್ಲಿ ಪುಸ್ತಕವಾಗಿ ಬರೆದರು. ಬೆಕ್ಕಿಗೆ ಪೆಟ್ಟು ಬೀಳುವುದನ್ನು ನಮ್ಮ ಹೆಂಗಸರು ಅದಕ್ಕೂ ಬಹಳ ಮೊದಲೇ ನೋಡಿದ್ದರು, ಬಿಡಿ!

ಕಾಫಿ ರೇಟು ಬಿದ್ದ ದಿನ ನಮ್ಮ ಮನೆಗಳನ್ನು ಗಮನಿಸಿ. 2001-02ರ ಸುಮಾರಿಗೆ ಬೆಲೆ ನೆಲ ಕಚ್ಚಿದಾಗ ಎಷ್ಟು ಮನೆಗಳಲ್ಲಿ ತಟ್ಟೆ ಹಾರಲಿಲ್ಲ? ವ್ಯಾಪಾರಿಯ ಮೇಲಿನ ಸಿಟ್ಟು ಹೆಂಡತಿ ಮೇಲೆ, ಹೆಂಡತಿಯ ಸಿಟ್ಟು ಮಗುವಿನ ಮೇಲೆ, ಮಗುವಿನ ಸಿಟ್ಟು ಅಂಗಳದ ನಾಯಿ ಮೇಲೆ. ಬೆಲೆ ಏರಿದರೆ ಸಿಟ್ಟು ಇಳಿಯುತ್ತದಾ? ಅದೂ ಇಲ್ಲ. 2024-25ರಲ್ಲಿ ಕಾಫಿಗೆ ಯಾರೂ ಕಂಡು ಕೇಳರಿಯದ ಬೆಲೆ ಬಂತು. ಆಗ ನನ್ನ ಹತ್ತಿರ ಬಂದವರು ಹೇಳಿದ್ದು ತೋಟದ ಪಾಲಿನ ಜಗಳ. ವಾರಗಿತ್ತಿಯರು ಮಾತು ಬಿಟ್ಟಿದ್ದರು, ಅಣ್ಣ ತಮ್ಮಂದಿರು ಬೇಲಿ ಹಾಕಿಕೊಂಡಿದ್ದರು. ಶಾಲೆಗೆ ಹೋಗುವ ಮಕ್ಕಳು ಮಾತ್ರ ಎರಡೂ ಮನೆಯ ಬೈಗುಳ ತಿನ್ನುತ್ತಿದ್ದರು.

ಈ ಗಾದೆಯನ್ನು ಬೇರೆಯವರನ್ನು ಹಂಗಿಸಲು ಬಳಸಬೇಡಿ, ನಿಮಗೆ ನೀವೇ ಕೇಳಿಕೊಳ್ಳಲು ಬಳಸಿ. ಮಗುವಿನ ಮೇಲೆ ಕೈ ಎತ್ತುವ ಮುನ್ನ ಒಂದು ಉಸಿರು ತೆಗೆದುಕೊಂಡು, 'ಈ ಸಿಟ್ಟಿನ ಅಡ್ರೆಸ್ ಯಾವುದು? ಇದು ನಿಜವಾಗಿ ಯಾರಿಗೆ ಸೇರಬೇಕಾದ್ದು?' ಎಂದು ಕೇಳಿಕೊಂಡರೆ ಸಾಕು. ಅರ್ಧ ಪೆಟ್ಟು ಅಲ್ಲೇ ನಿಲ್ಲುತ್ತದೆ.

'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಅನ್ನುವ ಮಾತೂ ಇಲ್ಲೇ ಬರುತ್ತದೆ. ಸೊಸೆಯಾಗಿದ್ದಾಗ ಕಣ್ಣೀರು ಹಾಕಿದವಳೇ ಅತ್ತೆಯಾದ ಮೇಲೆ ಅದೇ ಮಾತು, ಅದೇ ದನಿಯಲ್ಲಿ ಸೊಸೆಯನ್ನು ಅಳಿಸುತ್ತಾಳಲ್ಲ, ಯಾಕೆ? ನೋವು ಕೊಟ್ಟವರ ಹಾಗೆಯೇ ಆಗಿಬಿಡುವುದು ಕೂಡ ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ಒಂದು ದಾರಿ ಅಂತ ಆನಾ ಫ್ರಾಯ್ಡ್ ಅದೇ ಪುಸ್ತಕದಲ್ಲಿ ತೋರಿಸಿದ್ದಾರೆ. ಅಂದಮೇಲೆ ಕಾಲ ಬದಲಾದರೆ ಸಾಲದು, ಆಟವೇ ಬದಲಾಗಬೇಕು. ಅತ್ತೆಯರೇ, ನಿಮ್ಮ ಕಾಲದಲ್ಲಿ ನಿಮಗೆ ಯಾವ ಮಾತು ಹೆಚ್ಚು ನೋಯಿಸಿತ್ತು ಎಂದು ಒಮ್ಮೆ ಸೊಸೆಗೆ ಹೇಳಿ ನೋಡಿ. ಆ ಮಾತು ಮತ್ತೆ ನಿಮ್ಮ ಬಾಯಿಂದ ಬರುವುದು ಕಷ್ಟ.

ನೆಲ ನಿಜಕ್ಕೂ ಡೊಂಕಿದ್ದರೆ?

'ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ.' ತನ್ನ ಸೋಲಿಗೆ ಹೊರಗಿನ ಕಾರಣ ಹುಡುಕುವುದನ್ನು ಮನಶ್ಶಾಸ್ತ್ರ 'ರ‍್ಯಾಷನಲೈಸೇಷನ್' ಅನ್ನುತ್ತದೆ. ಓದದೆ ಫೇಲಾಗಿ 'ಪ್ರಶ್ನೆಪತ್ರಿಕೆ ಸರಿ ಇರಲಿಲ್ಲ' ಅನ್ನುವ ಮಗನಿಗೆ ಈ ಗಾದೆ ಸರಿಯಾಗಿಯೇ ಹೊಂದುತ್ತದೆ.

ಆದರೆ ಒಂದು ವಿಷಯ ಗಮನಿಸಿದ್ದೀರಾ? ಈ ಗಾದೆಯಲ್ಲಿ ಕುಣಿಯಲು ಬಾರದವಳು ಯಾವಾಗಲೂ ಹೆಂಗಸೇ. ನೆಲವನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ. ನಮ್ಮ ಮಲೆನಾಡಿನಲ್ಲಂತೂ ಸಮತಟ್ಟು ನೆಲ ಎಲ್ಲಿದೆ ಹೇಳಿ?

ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ ಹುಡುಗಿಯೊಬ್ಬಳು ಡಿಗ್ರಿಯನ್ನು ಅರ್ಧಕ್ಕೇ ಬಿಟ್ಟಿದ್ದಳು. 'ಓದೋ ಮನಸ್ಸಿಲ್ಲ ಇವಳಿಗೆ, ನೆಪ ಹೇಳ್ತಾಳೆ' ಅಂತ ಅಮ್ಮ ಕರೆದುಕೊಂಡು ಬಂದಿದ್ದರು. ನಿಧಾನವಾಗಿ ಕೇಳಿದಾಗ ಗೊತ್ತಾಗಿದ್ದು ಬೇರೆಯೇ. ಸಂಜೆಯ ಕೊನೆಯ ಬಸ್ಸು ಇಳಿದ ಮೇಲೆ ಎರಡು ಕಿಲೋಮೀಟರು ತೋಟದ ನಡುವೆ ನಡಿಗೆ. ಆನೆ ಬಂದಿದೆ ಅಂತ ವಾಟ್ಸ್‌ಆ್ಯಪಿನಲ್ಲಿ ಮೆಸೇಜು. ಜೊತೆಗೆ ದಾರಿಯಲ್ಲಿ ದಿನಾ ನಿಂತು ಕಾಡುವ ಇಬ್ಬರು ಹುಡುಗರು. ಈ ಹುಡುಗಿಗೆ ಬೇಕಿದ್ದದ್ದು 'ಆತ್ಮವಿಶ್ವಾಸ ಬೆಳೆಸಿಕೋ' ಎಂಬ ಭಾಷಣವಲ್ಲ. ಬಸ್ ನಿಲ್ದಾಣಕ್ಕೆ ಬರುವ ಒಬ್ಬ ಅಪ್ಪ, ಆ ಹುಡುಗರನ್ನು ವಿಚಾರಿಸುವ ಒಬ್ಬರು ಹಿರಿಯರು, ತಾಲ್ಲೂಕು ಕೇಂದ್ರದಲ್ಲಿ ಒಂದು ಹಾಸ್ಟೆಲ್ ಸೀಟು ಬೇಕಿತ್ತು. ಹಾಗಾಗಿ ನಾನೀಗ ಮೊದಲು ನೆಲ ನೋಡುತ್ತೇನೆ, ಆಮೇಲೆ ಕುಣಿತ.

ಮಜ್ಜಿಗೆ ಊದಿ ಕುಡಿಯುವವರು

'ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದ.' 1920ರಲ್ಲಿ ಅಮೆರಿಕದಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಎಂಬ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ವರ್ಷ ತುಂಬದ ಪುಟ್ಟ ಮಗುವೊಂದು ಬಿಳಿ ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸರಳಿಗೆ ಬಡಿದು ಭಾರೀ ಸದ್ದು ಮಾಡಿದರು. ಕೆಲವೇ ದಿನಗಳಲ್ಲಿ ಮಗು ಇಲಿಗೆ ಮಾತ್ರವಲ್ಲ, ಮೊಲಕ್ಕೆ, ನಾಯಿಗೆ, ತುಪ್ಪಳದ ಕೋಟಿಗೂ ಹೆದರತೊಡಗಿತು. ಇವತ್ತಾದರೆ ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ. ಆದರೆ ಭಯ ಹೇಗೆ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ ಎಂಬುದು ಅದರಿಂದ ಕಂಡಿತು. ಹಾಲಿನಿಂದ ಮಜ್ಜಿಗೆಗೆ!

2019ರ ಆಗಸ್ಟಿನಲ್ಲಿ ನಮ್ಮ ಮೂಡಿಗೆರೆ, ಕಳಸ ಭಾಗದಲ್ಲಿ ಗುಡ್ಡಗಳು ಜಾರಿದ್ದು ನಿಮಗೆ ನೆನಪಿದೆ. ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಮನೆ, ತೋಟ ಮಣ್ಣುಪಾಲಾದವು. ಅದಾದ ಎಷ್ಟೋ ವರ್ಷದ ಮೇಲೂ ರಾತ್ರಿ ಹಂಚಿನ ಮೇಲೆ ಜೋರು ಮಳೆ ಬಿದ್ದರೆ ಎದ್ದು ಕೂರುವ ಹೆಂಗಸರನ್ನು ನಾನು ಕಂಡಿದ್ದೇನೆ. ಲಾರಿ ಹೋದ ಸದ್ದಿಗೂ ಕೈ ನಡುಗುತ್ತದೆ. ಮನೆಯವರು 'ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದೀಯಲ್ಲ' ಅಂತ ಗದರುತ್ತಾರೆ. ಬಾಯಿ ಸುಟ್ಟದ್ದು ನಿಜವಾದ್ದರಿಂದಲೇ ಆಕೆ ಊದುತ್ತಿರುವುದು ಎಂಬುದನ್ನು ಮರೆತು.

ಇದಕ್ಕೆ ಪರಿಹಾರವಿದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮಹಿಳೆ, ಮೊಲಕ್ಕೆ ಹೆದರುತ್ತಿದ್ದ ಮಗುವಿಗೆ ಇಷ್ಟದ ತಿಂಡಿ ಕೊಡುತ್ತ, ಮೊಲವನ್ನು ದಿನದಿನಕ್ಕೂ ಒಂದಿಷ್ಟೇ ಹತ್ತಿರ ತಂದು ಭಯ ಬಿಡಿಸಿದರು. ಇಂದಿಗೂ ಭಯದ ಚಿಕಿತ್ಸೆಯ ಮೂಲ ಪಾಠ ಇದೇ: ಜೊತೆಯಲ್ಲಿ ಧೈರ್ಯ ಕೊಡುವವರು ಇರಬೇಕು, ಹೆಜ್ಜೆ ಸಣ್ಣದಿರಬೇಕು, ಬಲವಂತ ಇರಬಾರದು. ಮೊದಲು ಹಗಲಿನ ಮಳೆಯಲ್ಲಿ ಜಗಲಿಯ ಮೇಲೆ ಇಬ್ಬರೂ ಕೂತು ಕಾಫಿ ಕುಡಿಯಿರಿ. ಆಮೇಲೆ ಸಂಜೆ ಮಳೆ. ಆಮೇಲೆ ರಾತ್ರಿ. ನಿದ್ದೆಯೇ ಬರದಷ್ಟು, ಕೆಲಸವೇ ಮಾಡಲಾಗದಷ್ಟು ಭಯವಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಒಂದು ಎಚ್ಚರ: ಮನೆಯ ಹಿಂದಿನ ಧರೆ ಬಿರುಕು ಬಿಟ್ಟಿದ್ದು, ರೆಡ್ ಅಲರ್ಟ್ ಇದ್ದರೆ ಆ ಭಯ ಕಾಯಿಲೆಯಲ್ಲ, ಜಾಣತನ. ಆಗ ಊದುತ್ತ ಕೂರಬೇಡಿ, ಜಾಗ ಬಿಟ್ಟು ಹೊರಡಿ.

ಒಂದು ಅಗುಳಿನ ಲೆಕ್ಕ

'ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಚುಕಿದರೆ ಸಾಕು.' ಅನ್ನಕ್ಕೆ ಇದು ಸರಿ. ಮನುಷ್ಯರಿಗೆ, ಬದುಕಿಗೆ?

'ಮದುವೆಯ ದಿನವೇ ಅವರು ಹೀಗಂದರು, ಅವತ್ತೇ ಗೊತ್ತಾಯ್ತು ಈ ಮನೆ ಹೇಗೆ ಅಂತ.' 'ಒಂದು ಸಬ್ಜೆಕ್ಟ್ ಹೋಯ್ತು, ಅಂದ್ರೆ ನಾನು ಯಾವುದಕ್ಕೂ ಲಾಯಕ್ಕಿಲ್ಲ.' ಒಂದು ಅಗುಳು ಹಿಚುಕಿ ಇಡೀ ಹಂಡೆಯ ತೀರ್ಪು ಕೊಡುವ ಈ ಅಭ್ಯಾಸವನ್ನು ಆರನ್ ಬೆಕ್ ಎಂಬ ಮನೋವೈದ್ಯರು ಖಿನ್ನತೆಯ ರೋಗಿಗಳಲ್ಲಿ ಗುರುತಿಸಿದರು. 2021ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡ ಈ ಬೆಕ್ 1960ರ ದಶಕದಲ್ಲಿ ಕಟ್ಟಿದ ಚಿಕಿತ್ಸೆಯೇ ಮುಂದೆ ಸಿಬಿಟಿ ಎಂದು ಹೆಸರಾಯಿತು. ಅದಕ್ಕೂ ತುಸು ಮುಂಚೆ, 1950ರ ದಶಕದಲ್ಲಿ, ಆಲ್ಬರ್ಟ್ ಎಲಿಸ್ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದ್ದರು. ಎಲಿಸ್‌ಗೆ ದಾರಿ ತೋರಿದ್ದು ಸುಮಾರು ಎರಡು ಸಾವಿರ ವರ್ಷ ಹಿಂದಿನ ಎಪಿಕ್ಟೆಟಸ್ ಎಂಬ ತತ್ತ್ವಜ್ಞಾನಿ. ಈತ ಒಂದು ಕಾಲದಲ್ಲಿ ಗುಲಾಮನಾಗಿದ್ದವನು. ನಮ್ಮನ್ನು ಕಾಡುವುದು ಘಟನೆಗಿಂತ ಹೆಚ್ಚಾಗಿ, ಘಟನೆಯ ಬಗ್ಗೆ ನಾವು ಕಟ್ಟಿಕೊಂಡ ಅರ್ಥ ಎಂಬುದು ಅವನ ಉಪದೇಶದ ಸಾರ. ಕತ್ತಲಲ್ಲಿ ಹಗ್ಗ ಕಂಡು ಹಾವೆಂದು ಬೆವರುವ ಕಥೆ ನಮಗೇನು ಹೊಸದೇ?

ಗಂಡ ಫೋನ್ ಎತ್ತಲಿಲ್ಲ. ಇದು ಘಟನೆ. 'ನಾನಂದ್ರೆ ಅಷ್ಟಕ್ಕಷ್ಟೇ.' ಇದು ಅರ್ಥ. ರಾತ್ರಿ ಊಟ ಬಿಟ್ಟು ಮಲಗುವುದು ಪರಿಣಾಮ. ನಡುವಿನ ಅರ್ಥವನ್ನು ಕಾಗದದ ಮೇಲೆ ಬರೆದು, ಎದುರಿಗೆ ಇನ್ನೆರಡು ಅರ್ಥ ಬರೆಯಿರಿ. ತೋಟದ ಆ ಮೂಲೆಯಲ್ಲಿ ನೆಟ್‌ವರ್ಕ್ ಸಿಗಲ್ಲ. ಮೂಟೆ ತುಂಬಿಸುವ ಗಡಿಬಿಡಿ ಇರಬಹುದು. ಸತ್ಯ ಯಾವುದೆಂದು ಆಮೇಲೆ ಕೇಳಿ ತಿಳಿಯಿರಿ. ಹಂಡೆ ಇಳಿಸುವ ಮೊದಲು ನಾಲ್ಕು ಅಗುಳಾದರೂ ಹಿಚುಕಿ ನೋಡುವುದು ಅಂದರೆ ಇದೇ.

ಬುಡ ಕೊಯ್ದ ಗಿಡವೂ ಚಿಗುರುತ್ತದೆ

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಮಕ್ಕಳನ್ನು ಎಳವೆಯಲ್ಲೇ ತಿದ್ದಿ ಅನ್ನಲು ಹುಟ್ಟಿದ ಗಾದೆ. ಆದರೆ ಐವತ್ತು ದಾಟಿದ ಹೆಂಗಸರ ಬಾಯಲ್ಲಿ ಇದು ಬೀಗದ ಥರ ಬೀಳುತ್ತದೆ. 'ಈ ವಯಸ್ಸಲ್ಲಿ ಇನ್ನೇನು ಬದಲಾಗೋದು ಬಿಡಿ.'

ಮಕ್ಕಳಿಬ್ಬರೂ ಬೆಂಗಳೂರು ಸೇರಿ, ಯಜಮಾನರೂ ತೀರಿಕೊಂಡ ಮೇಲೆ ದೊಡ್ಡ ತೊಟ್ಟಿಮನೆಯಲ್ಲಿ ಒಬ್ಬರೇ ಉಳಿದ ತಾಯಿಯೊಬ್ಬರು ಹೀಗೇ ಅಂದಿದ್ದರು. ಸ್ನಾನ ಬೇಡ, ಊಟ ಬೇಡ, ದೇವರ ದೀಪವೂ ಬೇಡ. 'ಮನಸ್ಸು ಬಂದ ದಿನ ಏಳ್ತೀನಿ' ಅನ್ನುತ್ತಿದ್ದರು. ನಾನು ಅವರಿಗೆ ಕಾಫಿ ಗಿಡದ ಬಗ್ಗೆಯೇ ಕೇಳಿದೆ. ಮುದಿಯಾಗಿ ಫಸಲು ನಿಂತ ಗಿಡಕ್ಕೆ ಏನು ಮಾಡ್ತೀರಿ? 'ಬುಡದ ಹತ್ತಿರ ಕೊಯ್ದು ಬಿಡ್ತೀವಿ. ಮಳೆ ಬಿದ್ದ ಮೇಲೆ ಹೊಸ ಚಿಗುರು ಬರುತ್ತೆ, ಒಳ್ಳೇದನ್ನ ಉಳಿಸ್ಕೊಳ್ತೀವಿ' ಅಂದರು. ಹೇಳಿ ಮುಗಿಸಿ ತಾವೇ ಸುಮ್ಮನಾದರು. ಕಾಫಿ ಬೆಳೆಯುವವರಿಗೆ ಆ ಗಾದೆ ಪೂರ್ತಿ ನಿಜವಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮನಸ್ಸು ಬಂದ ಮೇಲೆ ಏಳುವುದಲ್ಲ, ಎದ್ದ ಮೇಲೆ ಮನಸ್ಸು ಹಿಂದಿನಿಂದ ಬರುತ್ತದೆ. 1970ರ ದಶಕದಲ್ಲಿ ಪೀಟರ್ ಲೆವಿನ್‌ಸನ್ ಮುಂತಾದವರು ಖಿನ್ನತೆಯ ಬಗ್ಗೆ ಕೊಟ್ಟ ಈ ತಿಳಿವಳಿಕೆಯಿಂದ ಒಂದು ಸರಳ ಚಿಕಿತ್ಸಾ ಕ್ರಮ ಬೆಳೆಯಿತು. ಆ ತಾಯಿಗೆ ನಾವು ಹಾಕಿಕೊಂಡ ಮೊದಲ ವಾರದ ಲೆಕ್ಕ ಇಷ್ಟೇ: ಬೆಳಿಗ್ಗೆ ಮುಖ ತೊಳೆದು ಕಾಫಿ ಕಣದವರೆಗೆ ಹೋಗಿ ಹತ್ತು ನಿಮಿಷ ಕೂತು ಬರುವುದು. ಎರಡನೇ ವಾರ, ಲೈನು ಮನೆಯ ಹೆಂಗಸರ ಜೊತೆ ನಾಲ್ಕು ಮಾತು. ಹನಿ ಹನಿ ಗೂಡಿದರೆ ಹಳ್ಳ ಅಂದರೆ ಇದೇ ತಾನೇ? ಹಾಗಂತ ಹಾಸಿಗೆ ಹಿಡಿದವರಿಗೆ 'ಕೈ ಕೆಸರಾದರೆ ಬಾಯಿ ಮೊಸರು, ಏಳು ಮೇಲೆ' ಅಂತ ಗದರಬೇಡಿ. ಖಿನ್ನತೆ ಸೋಮಾರಿತನವಲ್ಲ, ಕಾಯಿಲೆ. ಹಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಆ ತಾಯಿಗೂ ಬೇಕಾಯಿತು.

ತಾಳ್ಮೆಗೂ ಒಂದು ಗಡಿ

ಈಗ ಮತ್ತೆ ಆ ಎರಡು ಬಸ್ಸಿನ ಗೃಹಿಣಿಯ ಮಾತಿಗೆ ಬರುತ್ತೇನೆ. 'ತಾಳಿದವನು ಬಾಳಿಯಾನು', 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.' ಈ ಎರಡು ಗಾದೆಗಳ ಕೆಳಗೆ ಎಷ್ಟು ಹೆಂಗಸರ ಬಾಸುಂಡೆಗಳು ಮುಚ್ಚಿಹೋಗಿವೆಯೋ! ಉಪ್ಪು ಹೆಚ್ಚಾಯಿತು ಎಂಬ ಜಗಳ ಉಂಡು ಮಲಗುವ ತನಕವೇ. ಆದರೆ ಕುಡಿದು ಬಂದು ಹೊಡೆಯುವುದು ಜಗಳವಲ್ಲ, ಹಿಂಸೆ. ಜಗಳಕ್ಕೆ ಇಬ್ಬರು ಬೇಕು, ಹಿಂಸೆಗೆ ಒಬ್ಬ ಸಾಕು.

1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗ ಕೇಳಿದರೆ ಕರುಳು ಚುರ್ ಅನ್ನುತ್ತದೆ. ಕೆಲವು ನಾಯಿಗಳಿಗೆ ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲದಂತೆ ಕರೆಂಟ್ ಶಾಕ್ ಕೊಟ್ಟರು. ಆಮೇಲೆ ಸಣ್ಣ ಅಡ್ಡಗೋಡೆ ಹಾರಿದರೆ ಪಾರಾಗಬಹುದಾದ ಜಾಗದಲ್ಲಿ ಬಿಟ್ಟರು. ಹೆಚ್ಚಿನವು ಹಾರಲೇ ಇಲ್ಲ, ಮುದುರಿ ಮಲಗಿ ನೋವು ತಿಂದವು. ಇದಕ್ಕೆ 'ಕಲಿತ ಅಸಹಾಯಕತೆ' ಎಂದು ಹೆಸರಿಟ್ಟರು. ಹೊರಗಿನಿಂದ ನೋಡಿದರೆ ಅದು ತಾಳ್ಮೆಯ ಹಾಗೇ ಕಾಣುತ್ತದೆ! 'ಪಾಪ, ಎಷ್ಟು ಸಹಿಸ್ಕೊಂಡು ಹೋಗ್ತಾಳೆ' ಅಂತ ಊರು ಹೊಗಳುತ್ತದೆ. ಮುಂದಿನ ದಾರಿ ಗೊತ್ತಿದ್ದು, ಬೇಕೆಂದೇ ಕಾಯುವುದು ತಾಳ್ಮೆ. ದಾರಿಯೇ ಇಲ್ಲ ಎಂದುಕೊಂಡು ಕೂರುವುದು ತಾಳ್ಮೆಯಲ್ಲ.

ಇದೇ ಕಥೆಯ ಇನ್ನೊಂದು ಭಾಗವನ್ನೂ ಹೇಳಬೇಕು. ಮುದುರಿ ಕೂತ ನಾಯಿಗಳನ್ನು ಹಗ್ಗ ಹಿಡಿದು ಮತ್ತೆ ಮತ್ತೆ ಆಚೆ ಬದಿಗೆ ಎಳೆದು ತೋರಿಸಿದಾಗ ಅವು ತಾವಾಗಿಯೇ ಹಾರಲು ಕಲಿತವು. 2016ರಲ್ಲಿ ಮೇಯರ್ ಮತ್ತು ಸೆಲಿಗ್‌ಮನ್ ತಮ್ಮ ಸಿದ್ಧಾಂತವನ್ನೇ ತಿದ್ದಿ ಬರೆದರು. ದೀರ್ಘ ನೋವಿನ ಎದುರು ಕುಸಿದು ಕೂರುವುದು ಜೀವಿಗಳ ಸಹಜ ಪ್ರತಿಕ್ರಿಯೆ, ನಿಜವಾಗಿ ಕಲಿಯುವುದು 'ನನ್ನ ಕೈಯಲ್ಲಿ ಏನೋ ಇದೆ' ಎಂಬುದನ್ನು ಅಂದರು. ಎಂಥ ಸಮಾಧಾನದ ಮಾತು! ಕುಸಿದದ್ದು ನಿಮ್ಮ ದೌರ್ಬಲ್ಯವಲ್ಲ. ಏಳುವುದನ್ನು ಕಲಿಯಬಹುದು. ಕಲಿಯಲು ಒಂದು ಕೈ ಬೇಕು, ಅಷ್ಟೇ.

ಆ ಕೈಗಳು ಈಗ ಇವೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತ ಮಾತ್ರವಲ್ಲ, ಬೈದು ಅವಮಾನಿಸುವುದು, ಖರ್ಚಿಗೆ ಕೊಡದೆ ಸತಾಯಿಸುವುದೂ ದೌರ್ಜನ್ಯವೇ. ಮನೆಯಿಂದ ಹೊರಹಾಕದಂತೆ ರಕ್ಷಣೆಯೂ ಅದರಲ್ಲಿದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ನಮ್ಮ ಹಿರಿಯರೂ ತಾಳ್ಮೆಯೊಂದನ್ನೇ ಹೇಳಿ ಸುಮ್ಮನಾಗಿಲ್ಲ ನೋಡಿ. 'ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು' ಎಂದೂ ಹೇಳಿದ್ದಾರೆ. ಹೆಣ್ಣುಮಕ್ಕಳಿಗೆ ಹೇಳುವಾಗ ನಾವು ಮೊದಲನೆಯದನ್ನು ಮಾತ್ರ ಆರಿಸಿಕೊಳ್ಳುತ್ತೇವೆ.

ಯಾರ ಮೌನ ಬಂಗಾರ?

'ಮಾತು ಬೆಳ್ಳಿ, ಮೌನ ಬಂಗಾರ.' ಈ ಮಾತನ್ನೂ ನೊಂದವರಿಗೇ ಹೇಳುತ್ತೇವೆ. ಮಾತಾಡಬೇಡ, ಮನೆ ಗುಟ್ಟು ರಟ್ಟಾಗುತ್ತೆ. ಆದರೆ ಕಾರ್ಲ್ ರೋಜರ್ಸ್ ಓದಿದ ಮೇಲೆ ನನಗೆ ಈ ಗಾದೆ ತಿರುಗಿ ಕಂಡಿತು. 1957ರಲ್ಲಿ ಅವರು ಬರೆದ ಹೆಸರಾಂತ ಲೇಖನದಲ್ಲಿ, ಮನುಷ್ಯ ಬದಲಾಗಲು ಎದುರಿಗೆ ಕೂತವರಲ್ಲಿ ಮೂರು ಗುಣ ಬೇಕು ಅಂದರು: ನಾಟಕವಿಲ್ಲದ ಪ್ರಾಮಾಣಿಕತೆ, ಷರತ್ತಿಲ್ಲದ ಆದರ, ಅವರ ನೋವನ್ನು ಅವರ ಜಾಗದಲ್ಲೇ ನಿಂತು ಅರಿಯುವ ಅನುಭೂತಿ. ಈ ಪಟ್ಟಿಯಲ್ಲಿ ಬುದ್ಧಿವಾದ ಇಲ್ಲವೇ ಇಲ್ಲ! ಅಂದರೆ ಬಂಗಾರವಾಗಬೇಕಾದ್ದು ಕೇಳುವವರ ಮೌನ. ನೊಂದವರ ಮೌನ ಬಂಗಾರವಲ್ಲ, ಬೋರರ್ ಹುಳ ಹೊಕ್ಕ ಕಾಫಿ ಗಿಡ. ಹೊರಗೆ ಹಸಿರೇ ಕಾಣುತ್ತದೆ, ಒಳಗೆ ಕಾಂಡ ಟೊಳ್ಳಾಗುತ್ತಿರುತ್ತದೆ.

'ಗೋಡೆಗೂ ಕಿವಿ ಇದೆ ಮೇಡಂ, ನಮ್ಮದು ಸಣ್ಣ ಊರು. ನಿಮ್ಮ ಬಾಗಿಲಲ್ಲಿ ನಮ್ಮನ್ನ ಯಾರಾದ್ರೂ ನೋಡಿದ್ರೆ?' ಈ ಅಂಜಿಕೆ ನನಗೆ ಅರ್ಥವಾಗುತ್ತದೆ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ಆಪ್ತ ಸಲಹೆಗಾರರ ಮೊದಲ ಧರ್ಮ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಮಾನಸಿಕ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ಹಕ್ಕೇ ಆಗಿದೆ. ಬಾಗಿಲವರೆಗೆ ಬರಲಾಗದಿದ್ದರೆ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. 'ಬದುಕೇ ಬೇಡ' ಅನ್ನಿಸಿದ ದಿನವಂತೂ ತಡಮಾಡಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಹತ್ತಿರದ ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಕೊನೆಗೆ ನನ್ನ ಅಜ್ಜಿಯ ಮಾತು. ಅವರ ಬಾಯಲ್ಲಿ ಗಾದೆ ಇಲ್ಲದೆ ಮಾತೇ ಇರಲಿಲ್ಲ. ಆದರೂ ಊರಿನ ಹೆಂಗಸರು ಅವರ ಹತ್ತಿರ ಮತ್ತೆ ಮತ್ತೆ ಬರುತ್ತಿದ್ದರು. ನನ್ನ ಹತ್ತಿರ ಬಂದಾಕೆ ಮಾತ್ರ ಯಾಕೆ ಕೊಡೆ ಎತ್ತಿಕೊಂಡು ಹೋದರು? ಬಹಳ ದಿನ ಯೋಚಿಸಿದೆ. ಆಮೇಲೆ ನೆನಪಾಯಿತು. ಅಜ್ಜಿ ಮೊದಲು ಬಂದವರನ್ನು ಒಲೆಯ ಹತ್ತಿರ ಕೂರಿಸುತ್ತಿದ್ದರು. ಒದ್ದೆ ಸೆರಗು ಆರಲಿ ಅಂತ ಒಂದು ಕೊಳ್ಳಿ ಮುಂದೆ ನೂಕುತ್ತಿದ್ದರು. ಬೆಲ್ಲದ ಕಾಫಿ ಕೊಡುತ್ತಿದ್ದರು. ಬಂದವರು ಅತ್ತು ಮುಗಿಸುವವರೆಗೆ 'ಹೂಂ... ಆಮೇಲೆ?' ಎಂಬುದು ಬಿಟ್ಟು ಬೇರೆ ಮಾತಿಲ್ಲ. ಗಾದೆ ಬರುತ್ತಿದ್ದದ್ದು ಎಲ್ಲ ಮುಗಿದು, ಬಂದವರು ಹೊರಡಲು ಎದ್ದ ಮೇಲೆ.

ನಾವು ಗಾದೆಯನ್ನು ಉಳಿಸಿಕೊಂಡೆವು. 'ಹೂಂ, ಆಮೇಲೆ?' ಎಂಬುದನ್ನು ಕಳೆದುಕೊಂಡೆವು.

ಗಾದೆ ಬಾಯಿಗೆ ಬರುವ ಮುನ್ನ

* ಎದುರಿನವರು ಮಾತು ಮುಗಿಸಿದರಾ? ಇಲ್ಲದಿದ್ದರೆ 'ಆಮೇಲೆ?' ಅನ್ನಿ, ಅಷ್ಟು ಸಾಕು.

* ಈ ಗಾದೆಯಿಂದ ಸಮಾಧಾನ ಯಾರಿಗೆ? ಕೇಳುವವರಿಗೋ, ಹೇಳಿ ಕೈತೊಳೆದುಕೊಳ್ಳುವ ನಮಗೋ?

* ತಾಳ್ಮೆಯ ಮಾತು ಹೇಳುವ ಮೊದಲು ಕೇಳಿ: 'ಮನೆಯಲ್ಲಿ ನಿನ್ನ ಮೇಲೆ ಯಾರಾದ್ರೂ ಕೈ ಮಾಡ್ತಾರಾ? ಹೆದರಿಕೆ ಆಗುತ್ತಾ?' ಹೌದು ಅಂದರೆ ಗಾದೆ ಪಕ್ಕಕ್ಕಿಡಿ, 181ರ ನಂಬರ್ ಕೊಡಿ, ಜೊತೆಯಲ್ಲಿ ಹೋಗಿ.

* ತಪ್ಪು ಆಕೆಯ ಕುಣಿತದ್ದೋ, ನೆಲದ್ದೋ ನೋಡಿ. ನೆಲದ್ದಾದರೆ ಸರಿಪಡಿಸಲು ನೀವೂ ಕೈಹಾಕಿ.

* ನಿಮ್ಮ ಮನಸ್ಸಿಗೆ ನೀವೇ ಹೇಳಿಕೊಳ್ಳುವ ಗಾದೆ ಯಾವುದು? ಒಂದು ಚೀಟಿಯಲ್ಲಿ ಬರೆಯಿರಿ. ಅದು ನಿಮ್ಮನ್ನು ಏಳಿಸುತ್ತದೋ, ಕೂರಿಸುತ್ತದೋ? ಕೂರಿಸುವಂಥದ್ದಾದರೆ ಬೇರೊಂದು ಗಾದೆ ಹುಡುಕಿ. ನಮ್ಮಲ್ಲಿ ಗಾದೆಗಳಿಗೇನೂ ಬರವಿಲ್ಲ.